ಸೆಬುವಾನೊ ಭಾಷೆಯಲ್ಲಿ ‘ಮೊಟಕು ಮಾಡು’, ‘ಹತ್ತಿಕ್ಕು’ ಅನ್ನೋಕೆ ಯಾವ ಪದ ಎಲ್ಲಿ ಸರಿ?

ಶಿವಮೊಗ್ಗ_ಟು_ದಾವಾವ್
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಫಿಲಿಪ್ಪೀನ್ಸ್‌ನ ದಾವಾವ್‌ನಲ್ಲಿ ವೈದ್ಯಕೀಯ ಓದ್ತಾ ಇದ್ದೀನಿ. ಪಾಠ ಎಲ್ಲ ಇಂಗ್ಲಿಷ್‌ನಲ್ಲೇ. ಆದರೆ ವಾರ್ಡಿಗೆ ಹೋದರೆ ಸುತ್ತ ಬರೀ ಬಿಸಾಯ. ಸೆಬುವಾನೊಗೆ ಇಲ್ಲಿನ ಜನ ಹೇಳೋದು ಹಾಗೇ.

ನರ್ಸ್‌ಗಳ ಬಾಯಲ್ಲಿ ಪದೇ ಪದೇ ಕೇಳೋ ಪದ ‘ಪುಗ್ಙಿ’. ‘ಆಯಾವ್ ಪುಗ್ಙಿ ಅಙ್ ಇಮೊಙ್ ಇಹಿ’ ಅಂದ್ರೆ ಮೂತ್ರ ತಡ್ಕೋಬೇಡಿ ಅಂತ. ಕೆಮ್ಮಿಗೂ ಅದೇ, ಅಳುಗೂ ಅದೇ, ಗಾಯದಿಂದ ರಕ್ತ ನಿಲ್ಲಿಸೋದಕ್ಕೂ ಅದೇ. ಆದರೆ ಮೊಬೈಲ್‌ನಲ್ಲಿ ‘ಸಪ್ರೆಸ್’ ಅಂತ ಹಾಕಿದ್ರೆ ‘ಸುಂಪೊ’ ಅಂತ ಬರುತ್ತೆ. ‘ಶಾರ್ಟನ್’ ಅಂತ ಹಾಕಿದ್ರೆ ಒಂದ್ಸಲ ‘ಮುಬೊ’, ಒಂದ್ಸಲ ‘ಪುತೊಲ್’. ಇವುಗಳ ನಡುವೆ ಏನು ವ್ಯತ್ಯಾಸ? ಇಂಗ್ಲಿಷ್‌ನ ಯಾವುದಕ್ಕೆ ಯಾವುದು ಹೊಂದುತ್ತೆ? ಬಲ್ಲವರು ಹೇಳಿ, ನಿಜವಾಗ್ಲೂ ಕೆಲಸಕ್ಕೆ ಬೇಕು.

ನೇರಮಾತು
ಫಿಲಿಪ್ಪೀನ್ಸ್‌ನಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತಲ್ಲ? ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೆ?

ಹುಣಸೂರು_ನರ್ಸ್
@ನೇರಮಾತು ‘ಎಲ್ಲರಿಗೂ’ ಅನ್ನೋದು ಆಸ್ಪತ್ರೆಯ ಹೊರಗಿನ ಮಾತು ಸರ್. ನೋವಲ್ಲಿ ಇರೋರು ತಾಯಿ ಮಾತಲ್ಲೇ ನರಳ್ತಾರೆ. ದುಬೈನಲ್ಲಿ ನನ್ನ ಜೊತೆ ಕೆಲಸ ಮಾಡೋ ಬಿಸಾಯ ನರ್ಸ್‌ಗಳು ರೋಗಿ ಹತ್ರ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾರೆ, ತಮ್ಮ ಸೊಂಟ ಹಿಡ್ಕೊಂಡಾಗ ಮಾತ್ರ ಬಿಸಾಯದಲ್ಲೇ ಗೊಣಗ್ತಾರೆ. ಹಳ್ಳಿಯಿಂದ ಬಂದ ಅಜ್ಜಿಗೆ ‘ಸಪ್ರೆಸ್’ ಅಂತ ಹೇಳಿ ಏನು ಪ್ರಯೋಜನ?

ಸೆಬು_ಅಳಿಯ
ತಂಗೀ, ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಾನು ಸೆಬು ಐಟಿ ಪಾರ್ಕ್‌ನಲ್ಲಿ ಕೆಲಸ ಮಾಡೋನು, ಮನೆಯವರು ಇಲ್ಲಿಯವರೇ. ಅತ್ತೆಯವರನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಬರೀತಾ ಇದ್ದೀನಿ.

ಮೊದಲು ‘ಪುಗೊಙ್’, ನೀವು ಕೇಳಿದ ‘ಪುಗ್ಙಿ’ಯ ಮೂಲಪದ. ಹೊರಗೆ ಬರೋಕೆ ಹೊರಟಿರೋದನ್ನ ತಡೆಹಿಡಿಯೋದು. ನಗು, ಅಳು, ಕೆಮ್ಮು, ಮೂತ್ರ, ರಕ್ತ, ಸಿಟ್ಟು. ಜಗಳಕ್ಕೆ ನುಗ್ತಿರೋ ಗೆಳೆಯನ ತೋಳು ಹಿಡಿದು ನಿಲ್ಲಿಸಿದ್ರೂ ಅದೇ. ತಡೆದದ್ದು ಸತ್ತಿಲ್ಲ, ಒಳಗೇ ಇದೆ, ಕೈ ಬಿಟ್ಟರೆ ಬರುತ್ತೆ. ನಮ್ಮ ‘ತಡ್ಕೊ’, ‘ಬಿಗಿಹಿಡಿ’ ಇದಕ್ಕೆ ಹತ್ತಿರ. ಆತ್ಮಸಂಯಮಕ್ಕೆ ‘ಪಗ್‌ಪುಗೊಙ್ ಸ ಕಉಗಾಲಿಙೊನ್’ ಅಂತಾರೆ. ಇಂಗ್ಲಿಷ್‌ನಲ್ಲಾದ್ರೆ ರೆಸ್ಟ್ರೇನ್, ಹೋಲ್ಡ್ ಬ್ಯಾಕ್, ಕಂಟ್ರೋಲ್.

‘ಸುಂಪೊ’ ಬೇರೆ. ಮತ್ತೆ ತಲೆ ಎತ್ತದ ಹಾಗೆ ಮಟ್ಟ ಹಾಕೋದು. ಇಲ್ಲಿನ ಪತ್ರಿಕೆಗಳಲ್ಲಿ ಅಪರಾಧ, ಮಾದಕವಸ್ತು, ಡೆಂಗಿ, ಇಂಥವುಗಳ ಜೊತೆ ಬರುತ್ತೆ. ಪೊಲೀಸರು, ಮೇಯರ್, ಆರೋಗ್ಯ ಇಲಾಖೆ ಮಾಡೋ ಕೆಲಸ ಅದು. ಇಂಗ್ಲಿಷ್‌ನ ಕ್ವೆಲ್, ಸ್ಟ್ಯಾಂಪ್ ಔಟ್. ‘ನಿಮ್ಮ ಅಳುವನ್ನ ಸುಂಪೊ ಮಾಡಿ’ ಅಂತ ಯಾರೂ ಹೇಳಲ್ಲ ಅಂತಾರೆ ನಮ್ಮತ್ತೆ.

ಇಂಗ್ಲಿಷ್‌ನ ‘ಸಪ್ರೆಸ್’ ಒಂದೇ ಪದ ಕೆಮ್ಮಿಗೂ ದಂಗೆಗೂ ಸಾಕಾಗುತ್ತೆ. ಬಿಸಾಯದಲ್ಲಿ ಯಾರು ಯಾವುದನ್ನ ಒತ್ತಿ ಹಿಡೀತಿದ್ದಾರೆ ಅನ್ನೋದು ಮೊದಲು ಗೊತ್ತಾಗಬೇಕು. ಮೊಬೈಲ್‌ಗೆ ಅದು ಗೊತ್ತಿಲ್ಲ, ಅದಕ್ಕೇ ಸುಂಪೊ ಕೊಟ್ಟಿದೆ.

ಧಾರವಾಡದಾಂವ
ಭಾಳ ಛಲೋ ಬಿಡಿಸಿ ಹೇಳೀರಿ. ನಮ್ಮಲ್ಲೂ ಹಂಗ ಐತಲ್ರೀ. ಸಿಟ್ಟು ‘ನುಂಗ್ಕೊಂಡ’, ನಗಿ ‘ತಡಕೊಂಡ’, ದಂಗೆ ‘ಹತ್ತಿಕ್ಕಿದ್ರು’. ದಂಗೆ ಯಾರೂ ನುಂಗೂದಿಲ್ಲ.

ಶಿವಮೊಗ್ಗ_ಟು_ದಾವಾವ್
ಅಣ್ಣಾ, ತುಂಬಾ ಥ್ಯಾಂಕ್ಸ್. ಅತ್ತೆಯವರಿಗೂ ‘ದಘಙ್ ಸಲಾಮತ್’ ಹೇಳಿ. ಹಾಗಾದ್ರೆ ಬಾಯಿ ಮುಚ್ಚಿಸೋದು? ಮೊನ್ನೆ ಒಬ್ಬ ತಾಯಿ ‘ಸಂಪೊಙ್’ ಅಂತ ಏನೋ ಅಂದ್ರು, ಸುಂಪೊನಾ ಅದೇನಾ ಅಂತ ಗೊತ್ತಾಗ್ಲಿಲ್ಲ.

ಸೆಬು_ಅಳಿಯ
ಬೇರೆ ಪದ. ಸಂಪೊಙ್ ಅಂದ್ರೆ ತೂತಿಗೆ, ಬಾಯಿಗೆ ಏನಾದ್ರೂ ಒತ್ತಿ ಮುಚ್ಚೋದು. ಮಗು ಕಿರುಚದ ಹಾಗೆ ಕೈ ಅಡ್ಡ ಇಟ್ಟರೆ ಅದು ‘ಸಂಪೊಙ್ ಸ ಬಾಬಾ’. ಬಾಬಾ ಅಂದ್ರೆ ಬಾಯಿ. ಸತ್ಯ ಮುಚ್ಚಿಡೋದಕ್ಕೆ ‘ತಬೊನ್’ ಅಂತಾರೆ, ಮೇಲೆ ಏನಾದ್ರೂ ಹೊದಿಸೋದು. ಸುಮ್ಮನಿರು ಅನ್ನೋಕೆ ‘ಹಿಲೊಮ್’, ಸುಮ್ಮನಾಗಿಸೋದಕ್ಕೆ ‘ಪಹಿಲೊಮ್’. ಟಿವಿ ಸದ್ದು ಕಡಿಮೆ ಮಾಡೋಕೆ ‘ಹಿನಾಯಿ’.

ನಿಘಂಟುಪ್ರೇಮಿ
ಮೇಲಿನವರು ‘ಬಾಬಾ’ ಬಗ್ಗೆ ಹೇಳಿದ್ದಕ್ಕೆ ಒಂದು ಎಚ್ಚರಿಕೆ. ಮನಿಲಾ ಕಡೆಯ ಭಾಷೆಯಾದ ತಗಾಲೊಗ್‌ನಲ್ಲಿ ಬಾಬಾ ಎಂದರೆ ಗದ್ದ. ಮನಿಲಾದ ಪಠ್ಯಪುಸ್ತಕ ಓದಿ ದಾವಾವ್‌ನಲ್ಲಿ ‘ಬಾಬಾ ನೋಯುತ್ತಾ’ ಎಂದು ಕೇಳಿದರೆ ರೋಗಿ ಬಾಯಿ ತೆರೆಯುತ್ತಾರೆ. ‘ಲಙ್ಗಮ್’ ಕೂಡ ಹಾಗೇ. ತಗಾಲೊಗ್‌ನಲ್ಲಿ ಇರುವೆ, ಸೆಬುವಾನೊದಲ್ಲಿ ಹಕ್ಕಿ. ಈಗ ಚರ್ಚೆಯಲ್ಲಿರುವ ಪದಗಳೂ ಬೇರೆಯೇ. ಪುಗೊಙ್ ಇರುವ ಕಡೆ ತಗಾಲೊಗ್‌ನಲ್ಲಿ ‘ಪಿಗಿಲ್’, ಸುಂಪೊ ಇರುವ ಕಡೆ ‘ಸುಗ್‌ಪೊ’.

ಇನ್ನೊಂದು ವಿಷಯ. ಜಾನ್ ವುಲ್ಫ್ ಅವರ ಸೆಬುವಾನೊ ನಿಘಂಟು 1972ರಲ್ಲಿ ಬಂದದ್ದು, ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಅ, ಇ, ಉ ಎಂಬ ಮೂರೇ ಸ್ವರಗಳಲ್ಲಿ ಪದ ಬರೆದಿದ್ದಾರೆ. ಆದ್ದರಿಂದ ಪುಗೊಙ್ ಹುಡುಕಿದರೆ ಸಿಗದು, ‘ಪುಗುಙ್’ ಎಂದು ಹುಡುಕಬೇಕು. ಹಾಗೆಯೇ ಪುತುಲ್, ಮುಬು. ಇದು ಗೊತ್ತಿಲ್ಲದೆ ‘ಪದವೇ ಇಲ್ಲ’ ಎಂದು ನಿಘಂಟು ಮುಚ್ಚಿದವರನ್ನು ನೋಡಿದ್ದೇನೆ.

ಹ್ವಾಯ್_ಕುಂದಾಪ್ರ
ಹ್ವಾಯ್, ನಾನು ಹಡಗಿನಲ್ಲಿ ಇಪ್ಪವ. ನಮ್ಮ ಕ್ರೂನಲ್ಲಿ ಬಿಸಾಯದವರೇ ಜಾಸ್ತಿ. ನಿಮಗೆ ಒಂದು ಮಜಾ ಹೇಳ್ತೆ. ಅವ್ರು ಮಾತನ್ನೇ ಕತ್ತರಿಸ್ತ್ರ್ ಮಾರ್ರೆ. ‘ವಲಾ’ (ಇಲ್ಲ) ಅಂಬುದು ‘ವಾ’ ಆತ್ತ್. ‘ದಿಲಿ’ (ಅಲ್ಲ) ‘ದಿ’. ‘ಬಲಾಯ್’ (ಮನೆ) ಸೆಬು ಪೇಟೆಯವರ ಬಾಯಲ್ಲಿ ‘ಬಾಯ್’. ನಮ್ಮಲ್ಲಿ ಹೋಗುವುದು ‘ಹೋಪ್ದು’, ಬರುವುದು ‘ಬಪ್ದು’ ಆದಾಂಗೆ. ಇವ್ರೂ ನಾವೂ ಸಂಬಂಧಿಕರಾ ಅಂತ ಕಾಂತ್.

ನಿಘಂಟುಪ್ರೇಮಿ
ಸಂಬಂಧ ಏನೂ ಇಲ್ಲ. ಕನ್ನಡ ದ್ರಾವಿಡ, ಸೆಬುವಾನೊ ಆಸ್ಟ್ರೋನೇಷಿಯನ್. ದಿನಬಳಕೆಯಲ್ಲಿ ಸವೆಯುವುದು ಯಾವ ಭಾಷೆಗೂ ಸಹಜ. ನೀವು ಹೇಳಿದ್ದರಲ್ಲಿ ಒಂದು ಕ್ರಮ ಇದೆ. ಎರಡು ಸ್ವರಗಳ ನಡುವಿನ ‘ಲ’ ಬಿದ್ದುಹೋಗುತ್ತದೆ. ದಾರಿಗೆ ‘ದಲಾನ್’, ಅದು ‘ದಾನ್’. ಬೆಂಕಿಗೆ ‘ಕಲಾಯೊ’, ಅದು ‘ಕಾಯೊ’. ಮಳೆಗೆ ‘ಉಲಾನ್’, ಅದು ‘ಉವಾನ್’. ಕೋಣಕ್ಕೆ ‘ಕಬಾವ್’ ಎನ್ನುವುದಂತೂ ಬರವಣಿಗೆಯಲ್ಲೂ ನಿಂತುಬಿಟ್ಟಿದೆ, ಮೂಲ ‘ಕಲಬಾವ್’.

ಸೆಬು_ಅಳಿಯ
ಹೌದು, ಆದರೆ ಎಲ್ಲ ಕಡೆ ಅಲ್ಲ. ಇದು ಸೆಬು ನಗರದ ಸುತ್ತಮುತ್ತ ಜಾಸ್ತಿ. ಪಕ್ಕದ ಬೊಹೊಲ್ ದ್ವೀಪದವರ ಗುರುತು ಬೇರೆ, ಅವರು ‘ಯ’ ಇದ್ದಲ್ಲಿ ‘ಜ’ ಅಂತಾರೆ. ‘ಮಆಯೊ’ (ಒಳ್ಳೆಯದು) ಅವರ ಬಾಯಲ್ಲಿ ‘ಮಆಜೊ’.

ಹುಣಸೂರು_ನರ್ಸ್
ಕರೆಯೋದರಲ್ಲೂ ಮೊಟಕು ಇದೆ. ಹುಡುಗಿಗೆ ‘ಇಂದಾಯ್’, ಅದು ‘ದಾಯ್’. ಹುಡುಗನಿಗೆ ‘ದೊದೊಙ್’, ಅದು ‘ದೊಙ್’. ದೊಡ್ಡ ಅಣ್ಣನಿಗೆ ‘ಮನೊಯ್’, ಅದು ‘ನೊಯ್’. ಅಕ್ಕನಿಗೆ ‘ಮನಾಙ್’, ಅದು ‘ನಾಙ್’. ಮೊಟಕು ಮಾಡಿದಷ್ಟೂ ಪ್ರೀತಿ ಜಾಸ್ತಿ. ನನ್ನನ್ನೂ ಈಗ ‘ದಾಯ್’ ಅಂತಾನೇ ಕರೀತಾರೆ. ಅಡ್ಡಹೆಸರಿಗೆ ‘ಅಙ್ಗಾ’ ಅಂತ ಪದ. ನಿಕೊಲಾಸ್ ಇದ್ದವನು ಕುಲಾಸ್ ಆಗ್ತಾನೆ, ಫ್ರಾನ್ಸಿಸ್ಕೊ ಇಸ್ಕೊ ಆಗ್ತಾನೆ.

ಧಾರವಾಡದಾಂವ
ನಮ್ಮಲ್ಲಿ ಬಸವರಾಜ ಬಸ್ಯಾ ಆದಂಗ, ಮಲ್ಲಿಕಾರ್ಜುನ ಮಲ್ಲ್ಯಾ ಆದಂಗ.

ನೇರಮಾತು
ಬಸ್ಯಾ ಅನ್ನೋದು ಎಲ್ಲ ಹೊತ್ತಲ್ಲೂ ಪ್ರೀತಿ ಅಲ್ಲ. ಹೊಲದ ಧಣಿ ಆಳನ್ನ ‘ಬಸ್ಯಾ’ ಅಂತ ಕರೆದದ್ದೂ ಅದೇ ಮೊಟಕು. ಯಾರು ಯಾರನ್ನ ಕರೀತಾರೆ ಅನ್ನೋದನ್ನ ಬಿಟ್ಟು ಪ್ರೀತಿ ಅಂತ ತೀರ್ಪು ಕೊಡಬೇಡಿ.

ಧಾರವಾಡದಾಂವ
ಅದು ಖರೇ ಅದ ರೀ. ಅವ್ವ ಕರದ್ರ ಒಂದು, ಸಾಹುಕಾರ ಕರದ್ರ ಇನ್ನೊಂದು.

ಶಿವಮೊಗ್ಗ_ಟು_ದಾವಾವ್
ಎಲ್ಲರಿಗೂ ಧನ್ಯವಾದ, ಆದರೆ ‘ಮೊಟಕು ಮಾಡು’ ಪದಗಳು ಹಾಗೇ ಉಳಿದ್ವು. ಮುಬೊ, ಪುತೊಲ್, ಲಕ್ತೊದ್, ಈ ಮೂರು ನನಗೆ ಗೊಂದಲ.

ಸೆಬು_ಅಳಿಯ
ಮುಬೊ ಅಂದ್ರೆ ಗಿಡ್ಡ, ಚಿಕ್ಕ, ತಗ್ಗು. ಗಿಡ್ಡ ಕೂದಲು, ಮೊಳಕಾಲಿನ ಚಡ್ಡಿ, ತಗ್ಗಿನ ಬೇಲಿ, ಎಲ್ಲಕ್ಕೂ. ಸಣ್ಣಕತೆಗೆ ‘ಮುಬೊಙ್ ಸುಗಿಲಾನೊನ್’. ಮುಬೊ ಕೊನೆಯಲ್ಲಿ ಗಂಟಲಲ್ಲಿ ಒಂದು ತಡೆ ಬರುತ್ತೆ, ಅದನ್ನ ಬಿಡಬೇಡಿ. ಅದಕ್ಕೇ ಪ್ರತ್ಯಯ ಸೇರಿದಾಗ ‘ಪಮುಬ್-ಅನ್’ ಅಂತ ಮಧ್ಯದಲ್ಲಿ ಅಡ್ಡಗೆರೆ ಹಾಕಿ ಬರೀತಾರೆ, ಅಂದ್ರೆ ಗಿಡ್ಡ ಮಾಡು. ಟೈಲರ್ ಹತ್ರ ಪ್ಯಾಂಟ್ ಕೊಟ್ಟು ಹೇಳೋದೂ ಇದೇ. ಕೇಸ್ ಶೀಟ್‌ನಲ್ಲಿ ಬರೆಯೋ ಸಂಕ್ಷಿಪ್ತ ಅಕ್ಷರಗಳಿಗೆ ‘ಪಿನಮುಬೊ’. ಇಂಗ್ಲಿಷ್‌ನ ಶಾರ್ಟನ್, ಅಬ್ರಿವಿಯೇಟ್ ಎರಡೂ ಇಲ್ಲಿಗೆ ಬಂತು.

ಪುತೊಲ್ ಅಂದ್ರೆ ಕತ್ತರಿಸೋದು. ಗಿಡ್ಡ ಆಗೋದು ಅದರ ಪರಿಣಾಮ ಅಷ್ಟೇ. ಬೆರಳೂ ಪುತೊಲ್, ಹಗ್ಗವೂ ಪುತೊಲ್. ಆಸ್ಪತ್ರೆಯಲ್ಲಿ ಇದನ್ನ ಹುಷಾರಾಗಿ ಬಳಸಿ, ಕಾಲು ತೆಗೆಯೋ ಶಸ್ತ್ರಚಿಕಿತ್ಸೆಗೂ ಇದೇ ಮಾತು. ಕ್ಷೌರಕ್ಕೆ ಪುತೊಲ್ ಅನ್ನೋಕಿಂತ ‘ತುಪಿ’ ಅನ್ನೋದು ವಾಡಿಕೆ.

ಲಕ್ತೊದ್ ಅಂದ್ರೆ ಒಳದಾರಿ ಹಿಡಿಯೋದು, ಸುತ್ತು ಬಳಸದೆ ನೇರ ಹೋಗೋದು. ‘ಸ ಲಕ್ತೊದ್ ಙ ಪಗ್‌ಕಸುಲ್ತಿ’ ಅಂದ್ರೆ ‘ಚಿಕ್ಕದಾಗಿ ಹೇಳೋದಾದ್ರೆ’. ಮಾತಿಗೆ ಬೇಕಾದಾಗ ಇದು, ಬಟ್ಟೆಗೆ ಅಲ್ಲ.

ಜನರ ಎತ್ತರದ ಬಗ್ಗೆ ‘ಪುತೊತ್’ ಅಂತ ಒಂದು ಪದ ಕೇಳ್ತೀರಿ. ಕುಳ್ಳ ಅಂತ ಹಂಗಿಸೋ ಮಾತು. ನೀವು ಬಳಸೋದು ಬೇಡ, ಮುಬೊ ಸಾಕು.

ನಿಘಂಟುಪ್ರೇಮಿ
ಇಲ್ಲಿ ನನಗೆ ತುಂಬಾ ಇಷ್ಟವಾದದ್ದು ವ್ಯಾಕರಣ. ಕತ್ತರಿಸುವ ಪದ ತಾನೇ ಕತ್ತರಿಸಿಕೊಳ್ಳುತ್ತದೆ. ಪುತೊಲ್ ಗೆ ‘ಒನ್’ ಸೇರಿದರೆ ‘ಪುತೊಲೊನ್’ ಆಗುವುದಿಲ್ಲ, ‘ಪುತ್ಲೊನ್’ ಆಗುತ್ತದೆ. ಪುಗೊಙ್ ಗೆ ‘ಅನ್’ ಸೇರಿ ‘ಪುಗ್ಙನ್’. ಹಿಡಿ ಎನ್ನುವ ‘ದಕೊಪ್’ ಗೆ ‘ಒನ್’ ಸೇರಿ ‘ದಕ್ಪೊನ್’. ಮಧ್ಯದ ಸ್ವರ ಲೋಪ. ನಮ್ಮ ‘ಊರು + ಅಲ್ಲಿ = ಊರಲ್ಲಿ’ ಎಂಬ ಲೋಪಸಂಧಿಯಲ್ಲೂ ಸ್ವರ ಹೋಗುತ್ತದೆ, ಆದರೆ ಸಂಧಿಸ್ಥಾನದಲ್ಲಿ. ಇವರಲ್ಲಿ ಪದದ ಹೊಟ್ಟೆಯೊಳಗಿನ ಸ್ವರವೇ ಹೋಗುತ್ತದೆ.

ಕೆಲವು ಕಡೆ ಸ್ವರ ಹೋದಮೇಲೆ ವ್ಯಂಜನಗಳೂ ಜಾಗ ಬದಲಿಸುತ್ತವೆ. ಕುಡಿಯುವುದಕ್ಕೆ ‘ಇನೊಮ್’, ‘ಒನ್’ ಸೇರಿದರೆ ‘ಇಮ್ನೊನ್’. ನೆಡುವುದಕ್ಕೆ ‘ತನೊಮ್’, ‘ಅನ್’ ಸೇರಿದರೆ ‘ತಮ್ನನ್’. ನಿಘಂಟಿನಲ್ಲಿ ಮೂಲಪದದ ಕೆಳಗೇ ಹುಡುಕಬೇಕು. ಕಿವಿಗೆ ‘ಇಮ್ನೊನ್’ ಬಿದ್ದಾಗ ಮೂಲ ‘ಇನೊಮ್’ ಎಂದು ಹೊಳೆಯದಿದ್ದರೆ ಔಷಧಿ ಚೀಟಿ ಓದುವಾಗ ಕಷ್ಟ.

ಶಿವಮೊಗ್ಗ_ಟು_ದಾವಾವ್
ಇದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ! ‘ಇಮ್ನೊನ್’ ದಿನಾ ಕೇಳ್ತೀನಿ, ಮಾತ್ರೆ ಕೊಡುವಾಗ.

ಹ್ವಾಯ್_ಕುಂದಾಪ್ರ
ಒಂದು ಕೇಂತೆ. ನೀವು ಎಲ್ಲರೂ ‘ಙ’ ಬರೀತ್ರಲ್ಲ, ಶಾಲೆಯಲ್ಲಿ ಕಲ್ತ ಮೇಲೆ ನಾನು ಅದನ್ನ ಕಂಡದ್ದು ಇವತ್ತೇ.

ಸೆಬು_ಅಳಿಯ
ಈ ಭಾಷೆ ಬರೆಯೋಕೆ ನಮ್ಮ ಲಿಪಿಯಷ್ಟು ಅನುಕೂಲ ಇನ್ನೊಂದಿಲ್ಲ ಅನ್ಸುತ್ತೆ ನನಗೆ. ಇವರಲ್ಲಿ ಪದ ಶುರು ಆಗೋದೇ ಙ ಇಂದ. ಹೆಸರು ‘ಙಾಲನ್’, ಹಲ್ಲು ‘ಙಿಪೊನ್’, ಯಾಕೆ ಅನ್ನೋಕೆ ‘ಙಾನೊ’. ಮೂಗಿನ ಹಿಂದಿಂದ ಒಂದೇ ದನಿ, ‘ನ್ಗ’ ಅಂತ ಎರಡು ದನಿ ಅಲ್ಲ. ಬೆಂಗಳೂರಿಂದ ಬಂದ ಹೊಸ ಹುಡುಗರಿಗೆ ನಾನು ಙ ಬರೆದೇ ತೋರಿಸೋದು.

ನೇರಮಾತು
ಇಷ್ಟೆಲ್ಲ ಪದ ಇದ್ದು ಏನು ಉಪಯೋಗ, ಶಾಲೆಯಲ್ಲಿ ಕಲಿಸದಿದ್ದ ಮೇಲೆ? ಫಿಲಿಪ್ಪೀನ್ಸ್‌ನ ರಾಷ್ಟ್ರಭಾಷೆ ತಗಾಲೊಗ್ ಆಧಾರದ್ದು, 1937ರಲ್ಲಿ ಘೋಷಿಸಿದ್ದು. ಸೆಬುವಾನೊ ಮಾತಾಡೋರು ಎರಡು ಕೋಟಿ ದಾಟಿದ್ರೂ ಅದು ‘ಪ್ರಾದೇಶಿಕ’. ನನ್ನ ಪ್ರಶ್ನೆ ಇಷ್ಟೇ. ನೀವು ಹತ್ತಿಕ್ಕು ಪದ ಹುಡುಕ್ತಾ ಇದ್ದೀರಿ, ಆ ಭಾಷೆಯನ್ನೇ ಹತ್ತಿಕ್ಕಿದ್ದಾರೆ.

ಹುಣಸೂರು_ನರ್ಸ್
ಇದು ನಿಜ. ನನ್ನ ಜೊತೆಯವಳು ಮಿಂಡನಾವೊದವಳು, ಅವಳ ಶಾಲೆಯಲ್ಲಿ ಬಿಸಾಯ ಮಾತಾಡಿದ್ರೆ ದಂಡ ಕಟ್ಟಬೇಕಿತ್ತಂತೆ. ಪುಟ್ಟ ಮಕ್ಕಳು ಬಾಯಿ ಬಿಡೋಕೇ ಹೆದರ್ತಿದ್ರಂತೆ. ಕೇಳಿ ಹೊಟ್ಟೆ ಉರೀತು. ನಮ್ಮಲ್ಲೂ ಇಂಗ್ಲಿಷ್ ಮಾಧ್ಯಮದ ಕೆಲವು ಶಾಲೆಗಳಲ್ಲಿ ಕನ್ನಡ ಮಾತಾಡಿದ್ದಕ್ಕೆ ಮಕ್ಕಳನ್ನ ನಿಲ್ಲಿಸಿದ್ದು ಕೇಳಿದ್ದೀವಲ್ಲ.

ಸೆಬು_ಅಳಿಯ
ಪೂರ್ತಿ ಕತ್ತಲೆ ಅಂತ ಬರೀಬೇಡಿ. 2012ರಿಂದ ಮೂರನೇ ತರಗತಿವರೆಗೆ ತಾಯ್ನುಡಿಯಲ್ಲಿ ಕಲಿಸೋದು ಜಾರಿಗೆ ಬಂತು, ಸೆಬುವಾನೊದಲ್ಲಿ ಪಠ್ಯ ಬಂತು. ಆದರೆ 2024ರ ಅಕ್ಟೋಬರ್‌ನಲ್ಲಿ ಬಂದ ಗಣರಾಜ್ಯ ಕಾಯ್ದೆ 12027 ಅದನ್ನ ಕಡ್ಡಾಯದಿಂದ ತೆಗೆದುಹಾಕಿತು. ಈಗ ತರಗತಿಯ ಎಲ್ಲ ಮಕ್ಕಳದ್ದೂ ಒಂದೇ ತಾಯ್ನುಡಿ ಆಗಿದ್ರೆ ಮಾತ್ರ ಶಾಲೆ ಬೇಕಾದ್ರೆ ಬಳಸ್ಕೋಬಹುದು. ನನ್ನ ಮಗಳು ಶಾಲೆಗೆ ಹೋಗೋ ವಯಸ್ಸಿನವಳು, ಇದು ನನಗೆ ಸುದ್ದಿ ಅಲ್ಲ, ಮನೆ ವಿಷಯ. ಅವಳಿಗೆ ಮನೆಯಲ್ಲಿ ಕನ್ನಡ, ಬಿಸಾಯ ಎರಡೂ ನಾವೇ ಕಲಿಸಬೇಕು.

ಪತ್ರಿಕೆಗಳು ಮಾತ್ರ ಗಟ್ಟಿಯಾಗಿವೆ. ‘ಬಿಸಾಯ’ ಅನ್ನೋ ಪತ್ರಿಕೆ 1930ರಲ್ಲಿ ಶುರುವಾದದ್ದು, ಅದರಲ್ಲಿ ಬಂದ ಕತೆಗಳನ್ನ ನಮ್ಮತ್ತೆ ಇನ್ನೂ ನೆನಪಿನಿಂದ ಹೇಳ್ತಾರೆ.

ಧಾರವಾಡದಾಂವ
ವಿಕಿಪೀಡಿಯಾದಾಗ ಸೆಬುವಾನೊ ಭಾಳ ದೊಡ್ಡದು ಅಂತ ಕೇಳೀನಿ. ಇಂಗ್ಲಿಷ್ ಬಿಟ್ರ ಅದ ಅಂತ. ಹಂಗಿದ್ದ ಮ್ಯಾಲೆ ಹತ್ತಿಕ್ಕ್ಯಾರ ಅಂತ ಹೆಂಗ ಹೇಳೂದು?

ನಿಘಂಟುಪ್ರೇಮಿ
ಸಂಖ್ಯೆ ನಿಜ, 60 ಲಕ್ಷಕ್ಕೂ ಹೆಚ್ಚು ಲೇಖನ. ಆದರೆ ಅದರಲ್ಲಿ ಬಹುಪಾಲು ಸ್ವೀಡನ್ನಿನ ಸ್ವೆರ್ಕರ್ ಯೊಹಾನ್ಸನ್ ಬರೆದ ಎಲ್‌ಎಸ್‌ಜೆಬಾಟ್ ಎಂಬ ತಂತ್ರಾಂಶ ಹುಟ್ಟಿಸಿದ್ದು. ಜೀವಿಜಾತಿಗಳು, ನದಿ, ಬೆಟ್ಟ, ಊರುಗಳ ಬಗ್ಗೆ ಎರಡು ಮೂರು ಸಾಲಿನವು. ಭಾಷೆ ಬಲವಾಗಿದೆ ಎನ್ನಲು ಅದನ್ನು ಸಾಕ್ಷಿಯಾಗಿ ತರಬೇಡಿ. ಅಲ್ಲಿನ ಜನ ಓಡಾಡುವ ಜೀಪ್ನಿ ಗಾಡಿ ಹತ್ತಿದರೆ ಸಿಗುವ ಸಾಕ್ಷಿ ಅದಕ್ಕಿಂತ ದೊಡ್ಡದು.

ಹ್ವಾಯ್_ಕುಂದಾಪ್ರ
ಸೆಬು ಬಂದರಲ್ಲಿ ಇಳ್ದಾಗ ಜೀಪ್ನಿ ಹತ್ತಿದ್ದೆ. ಮನಿಲಾದಲ್ಲಿ ನಿಲ್ಲಿಸುಕೆ ‘ಪಾರ ಪೊ’ ಅಂತ್ರ್. ಸೆಬುನಲ್ಲಿ ‘ಲುಗಾರ್ ಲಙ್’ ಅಂತ ಹೇಳಿ ಮೇಲಿನ ಕಬ್ಬಿಣದ ಸರಳಿಗೆ ನಾಣ್ಯದಲ್ಲಿ ಟಕ್ ಟಕ್ ಬಡಿತ್ರ್. ಆ ಸದ್ದಿಗೆ ಗಾಡಿ ನಿಲ್ಲತ್ತ್.

ನೇರಮಾತು
ಜೀಪ್ನಿ ಇರಲಿ. ನಾನು ಹೇಳಿದ ಅರ್ಥದ ‘ಹತ್ತಿಕ್ಕು’ಗೆ, ಅಂದ್ರೆ ಅಧಿಕಾರ ಇರೋರು ಇಲ್ಲದೋರನ್ನ ತುಳಿಯೋದಕ್ಕೆ, ಅವರ ಪದ ಯಾವುದು? ಅದನ್ನ ಯಾರೂ ಹೇಳಲಿಲ್ಲ.

ಸೆಬು_ಅಳಿಯ
‘ದಉಗ್‌ದಉಗ್’. ‘ದಉಗ್’ ಅಂದ್ರೆ ಗೆಲ್ಲು. ಅದನ್ನ ಎರಡು ಸಲ ಹೇಳಿದ್ರೆ ದಬ್ಬಾಳಿಕೆ ಮಾಡು, ತುಳಿ. ಬಡವರನ್ನ ತುಳಿದದ್ದಕ್ಕೂ ಅದೇ, ಶಾಲೆಯಲ್ಲಿ ದೊಡ್ಡ ಹುಡುಗ ಚಿಕ್ಕವನನ್ನ ಕಾಡಿದ್ದಕ್ಕೂ ಅದೇ. ಇಂಗ್ಲಿಷ್‌ನ ಒಪ್ರೆಸ್, ಬುಲ್ಲಿ ಎರಡೂ.

ಧಾರವಾಡದಾಂವ
ಗೆದ್ದ ಮ್ಯಾಲೂ ಗೆಲ್ಲೂದು. ಎದಿಗೆ ನಾಟ್ತು ರೀ ಇದು.

ನಿಘಂಟುಪ್ರೇಮಿ
ಇದು ವಿಶೇಷ ಪ್ರಯೋಗ, ಯಾಕೆಂದರೆ ಸೆಬುವಾನೊದಲ್ಲಿ ಜೋಡಿಪದ ಸಾಮಾನ್ಯವಾಗಿ ಅರ್ಥವನ್ನು ತಗ್ಗಿಸುತ್ತದೆ. ‘ಬಲಾಯ್’ ಮನೆ, ‘ಬಲಾಯ್-ಬಲಾಯ್’ ಮಕ್ಕಳ ಆಟದ ಮನೆ. ‘ಲಕಾವ್’ ನಡೆ, ‘ಲಕಾವ್-ಲಕಾವ್’ ಸುಮ್ಮನೆ ಅಡ್ಡಾಡು. ಕನ್ನಡದಲ್ಲಿ ತದ್ವಿರುದ್ಧ. ‘ಬಿಸಿಬಿಸಿ’ ಎಂದರೆ ಬಿಸಿ ಹೆಚ್ಚು, ‘ಮನೆಮನೆ’ ಎಂದರೆ ಪ್ರತಿ ಮನೆ. ದಾವಾವ್‌ನ ತಂಗಿ ಇದನ್ನು ನೆನಪಿಟ್ಟುಕೊಳ್ಳಲಿ. ರೋಗಿ ಪದವನ್ನು ಎರಡು ಬಾರಿ ಹೇಳಿದ ಕೂಡಲೇ ನೋವು ಇಮ್ಮಡಿ ಎಂದು ತಿಳಿಯಬಾರದು, ಎಷ್ಟು ಎಂದು ಕೇಳಲೇಬೇಕು.

ಶಿವಮೊಗ್ಗ_ಟು_ದಾವಾವ್
ಬರೆದಿಟ್ಟುಕೊಂಡೆ ಸರ್. ಕೊನೇದಾಗಿ ಒಂದು. ‘ಪುಗ್ಙನ್’ ಅಂತಾನೂ ಬರುತ್ತೆ, ‘ಪುಗ್ಙಿ’ ಅಂತಾನೂ ಬರುತ್ತೆ. ರೋಗಿಗೆ ಹೇಳುವಾಗ ಯಾವುದು?

ಸೆಬು_ಅಳಿಯ
ಹೀಗೆ ಮಾಡು ಅಂತ ಹೇಳುವಾಗ ‘ಅನ್’ ಹೋಗಿ ‘ಇ’ ಬರುತ್ತೆ, ‘ಒನ್’ ಹೋಗಿ ‘ಅ’ ಬರುತ್ತೆ. ಪುಗ್ಙನ್ ಇದ್ದದ್ದು ‘ಪುಗ್ಙಿ’, ಪುತ್ಲೊನ್ ಇದ್ದದ್ದು ‘ಪುತ್ಲ’, ಇಮ್ನೊನ್ ಇದ್ದದ್ದು ‘ಇಮ್ನ’. ಬೇಡ ಅನ್ನೋಕೆ ಮುಂದೆ ‘ಆಯಾವ್’ ಸೇರಿಸಿ, ಬಾಲ ಹಾಗೇ ಇರಲಿ. ‘ಆಯಾವ್ ಪುಗ್ಙಿ ಅಙ್ ಉಬೊ’, ಕೆಮ್ಮು ತಡ್ಕೋಬೇಡಿ. ವಯಸ್ಸಾದೋರಿಗೆ ಕೊನೆಯಲ್ಲಿ ‘ನಾಯ್’ (ಅಮ್ಮಾ) ಅಥವಾ ‘ತಾಯ್’ (ಅಪ್ಪಾ) ಸೇರಿಸೋದು ಮರೀಬೇಡಿ. ಅದಿಲ್ಲದಿದ್ರೆ ಆಜ್ಞೆ ಥರ ಕೇಳುತ್ತೆ ಅಂತ ನಮ್ಮತ್ತೆ ಒತ್ತಿ ಹೇಳ್ತಿದ್ದಾರೆ.

ಹುಣಸೂರು_ನರ್ಸ್
‘ತಾಯ್’ ಅಂದ್ರೆ ಅಪ್ಪ! ಶಿವಮೊಗ್ಗದವರೇ, ಇದೊಂದನ್ನ ದೊಡ್ಡಕ್ಷರದಲ್ಲಿ ಬರ್ಕೊಳ್ಳಿ.